ಚಿಂತೆಯೂ ರಕ್ತದ ಒತ್ತಡವೂ

(ಶ್ರೀಮಠದ ಜ್ಯುಬಿಲಿ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಧರ್ಮಸಭೆಯಲ್ಲಿ ದೇಹರೋಗದ ಪ್ರಸ್ತಾಪವೇಕೆಂದು ಕೆಲವರು ಶಂಕಿಸಬಹುದು. ಕಾಯಕಕ್ಕೆ ಕಾಯವೇ ಸಾಧನವು. ಅದು ಕೆಟ್ಟ ಬಳಿಕ ಕಾಯಕವೆಲ್ಲಿ, ದಾಸೋಹವೆಲ್ಲಿ? ಅದೂ ಅಲ್ಲದೆ, ಈಗ ಮಠಕ್ಕೆ ಬರುವ ಭಕ್ತರಲ್ಲಿ ಅನೇಕರು ಪ್ರಸಾದದ ಪಂಕ್ತಿಯಲ್ಲಿ ಕುಳಿತೊಡನೆ ಜೇಬಿನಿಂದ ಗುಳಿಗೆಯ ಪೊಟ್ಟಣವನ್ನು ತೆಗೆಯುವರು. ಏನೆಂದು ವಿಚಾರಿಸಿದರೆ, "ಬಿ.ಪಿ. ಬುದ್ಧೀ, ಮನೆಯ ಚಿಂತೆಯಿಂದ ಬಂದದ್ದು" ಎಂಬ ಉತ್ತರವು ಸಿದ್ಧವಾಗಿರುವುದು. ಈ ಉತ್ತರದಲ್ಲಿ ಸತ್ಯವೆಷ್ಟು, ಭ್ರಾಂತಿಯೆಷ್ಟು ಎಂಬುದೇ ಇಂದಿನ ವಿಷಯವು.

ಶ್ರೀಮಠದ ಇಬ್ಬರು ಭಕ್ತರ ಸಂಗತಿಯನ್ನು ಮೊದಲು ಕೇಳಬೇಕು. ಒಬ್ಬರು ನಿವೃತ್ತ ಉಪಾಧ್ಯಾಯರು. ಹೊಲದ ವ್ಯಾಜ್ಯವೊಂದು ನ್ಯಾಯಾಲಯಕ್ಕೆ ಹೋದ ವರ್ಷ, ವೈದ್ಯರ ಮುಂದೆ ತೋಳಿಗೆ ಪಟ್ಟಿ ಕಟ್ಟಿಸಿಕೊಂಡಾಗ 170 ಎಂಬ ಅಂಕವು ಬಂದಿತು. ಅವರು ಹೆದರಿ, ಅಳೆಯುವ ಯಂತ್ರವನ್ನು ಮನೆಗೇ ಕೊಂಡುತಂದರು. ಕಾಲುಗಂಟೆಗೊಮ್ಮೆ ಅಳೆಯುವರು, ಅಂಕವನ್ನು ಕಂಡು ನಡುಗುವರು, ನಡುಗಿದುದರಿಂದ ಮುಂದಿನ ಅಂಕವು ಮತ್ತಷ್ಟು ಏರುವುದು. ನಡುರಾತ್ರಿಯಲ್ಲಿ ಮನೆಯವರನ್ನೆಬ್ಬಿಸಿ ದೀಪ ಹಚ್ಚಿಸಿ ಅಳೆದುದೂ ಉಂಟು. ಮತ್ತೊಬ್ಬರು ಜವಳಿಯ ವ್ಯಾಪಾರಿಗಳು. ಅವರಿಗೆ ಒತ್ತಡವು ಹೆಚ್ಚೆಂದು ವೈದ್ಯರು ಮೂರು ಬಾರಿ ನೋಡಿಯೇ ಗುಳಿಗೆಯನ್ನು ಕೊಟ್ಟಿದ್ದರು. "ಇದು ಬರಿಯ ಚಿಂತೆ, ಮಗಳ ಮದುವೆಯಾದರೆ ತಾನೇ ಇಳಿದೀತು" ಎಂದು ಸ್ನೇಹಿತರು ಹೇಳಿದ ಮಾತನ್ನು ನಂಬಿ ಗುಳಿಗೆಯನ್ನು ಬಿಟ್ಟರು. ಮದುವೆಯು ಸಾಂಗವಾಗಿ ನಡೆಯಿತು. ಮೂರನೆಯ ತಿಂಗಳು ಪ್ರಾತಃಕಾಲದಲ್ಲಿ ಬಲಗೈ ಬಿದ್ದುಹೋಗಿ ನಾಲಿಗೆ ತೊದಲಿತು. ಈಗ ಅವರು ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿಯಬಲ್ಲರು. ಬಿಲ್ವಪತ್ರವನ್ನೇರಿಸಲು ಬಲಗೈ ಏಳದು. ಅದನ್ನು ಅವರ ಧರ್ಮಪತ್ನಿಯವರು ಏರಿಸುವರು.

ಒಬ್ಬರು ಚಿಂತೆಯಿಂದ ಏರಿದುದನ್ನು ಮಹಾರೋಗವೆಂದು ತಿಳಿದರು. ಇನ್ನೊಬ್ಬರು ರೋಗವನ್ನು ಬರಿಯ ಚಿಂತೆಯೆಂದು ತಿಳಿದರು. ಎರಡನೆಯ ತಪ್ಪೇ ಹೆಚ್ಚು ಘಾತಕವಾದುದು.

ಚಿಂತೆಯಿಂದ ಒತ್ತಡವು ಏರುವ ಕ್ರಮವೆಂತೆಂದರೆ: ಭಯವಾಗಲಿ ಕೋಪವಾಗಲಿ ಉಂಟಾದೊಡನೆ ಮೆದುಳಿನ ಆಜ್ಞೆಯು ನರಗಳ ಮೂಲಕ ಹೃದಯಕ್ಕೂ ರಕ್ತನಾಳಗಳಿಗೂ ಮುಟ್ಟುವುದು. ಮೂತ್ರಪಿಂಡಗಳ ಮೇಲ್ಗಡೆಯಲ್ಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುವುವು. ಹೃದಯವು ವೇಗವಾಗಿ ಬಡಿಯುವುದು, ಸಣ್ಣ ನಾಳಗಳು ಬಿಗಿಯುವುವು, ಒತ್ತಡವು ಏರುವುದು. ಹುಲಿಯನ್ನು ಕಂಡವನಿಗೆ ಓಡುವುದಕ್ಕೋ ಎದುರಿಸುವುದಕ್ಕೋ ಬೇಕಾದ ಸಿದ್ಧತೆಯಿದು. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ಪಂಡಿತನು 1915ರಲ್ಲಿ ಇದನ್ನು ಗ್ರಂಥರೂಪವಾಗಿ ವಿವರಿಸಿದನು. ಹುಲಿಯು ಹೋದರೆ ಒತ್ತಡವೂ ಇಳಿಯುವುದು. ಆದರೆ ಸಾಲದ ಪತ್ರವಾಗಲಿ ನ್ಯಾಯಾಲಯದ ಸಮನ್ಸಾಗಲಿ ಹುಲಿಯಂತೆ ಕಾಡಿಗೆ ಹಿಂದಿರುಗುವುದಿಲ್ಲ. ದಿಂಬಿನ ಕೆಳಗೇ ಇರುವುದು.

ಹೀಗೆ ಏರಿದ ಒತ್ತಡವು ಆ ಹೊತ್ತಿನದು. ಅದೊಂದೇ ಶಾಶ್ವತವಾದ ರೋಗವನ್ನು ಹುಟ್ಟಿಸುವುದೆಂದು ಖಂಡಿತವಾಗಿ ಹೇಳುವಂತಿಲ್ಲ. ಆದರೆ ಚಿಂತೆಯುಳ್ಳವನು ನಿದ್ರೆಗೆಡುವನು, ಹೊಗೆಸೊಪ್ಪಿಗೆ ಕೈಹಾಕುವನು, ಕೆಲವರು ಮದ್ಯಕ್ಕೂ ಇಳಿಯುವರು. ಇವು ರೋಗವನ್ನು ಬೆಳೆಸುವುದರಲ್ಲಿ ಸಂದೇಹವಿಲ್ಲ.

ತೋಳಿಗೆ ಪಟ್ಟಿ ಕಟ್ಟಿ ಪಾದರಸದಿಂದ ಒತ್ತಡವನ್ನಳೆಯುವ ಸುಲಭ ಯಂತ್ರವನ್ನು ಇಟಲಿಯ ರಿವಾ ರೊಚ್ಚಿ ಎಂಬ ವೈದ್ಯನು 1896ರಲ್ಲಿ ಪ್ರಕಟಿಸಿದನು. 1905ರಲ್ಲಿ ರಷ್ಯದ ಕೊರೊಟ್ಕೊಫ್ ಎಂಬವನು ನಾಳದ ಶಬ್ದವನ್ನಾಲಿಸಿ ಮೇಲಿನ ಮತ್ತು ಕೆಳಗಿನ ಎರಡಂಕಗಳನ್ನೂ ಗೊತ್ತುಮಾಡುವ ರೀತಿಯನ್ನು ತಿಳಿಸಿದನು. ಆದರೆ ಅಳೆಯುವವನ ಮುಖವನ್ನು ಕಂಡೇ ಒತ್ತಡವು ಏರುವುದೆಂಬುದು ವಿನೋದವಾದರೂ ನಿಜವು. 1983ರಲ್ಲಿ ಇಟಲಿಯ ಮಂಚಿಯಾ ಎಂಬ ವೈದ್ಯರೂ ಅವರ ಸಂಗಡಿಗರೂ ರೋಗಿಗಳ ನಾಳದೊಳಗೇ ಅಳತೆಯನ್ನಿಟ್ಟು ನೋಡಲಾಗಿ, ವೈದ್ಯರು ಬಳಿಗೆ ಬಂದೊಡನೆ ಮೇಲಿನ ಅಂಕವು ಸರಾಸರಿ 27 ಮಿಲಿಮೀಟರುಗಳಷ್ಟು ಏರಿ, ಹತ್ತು ನಿಮಿಷಗಳೊಳಗೆ ಬಹುಮಟ್ಟಿಗೆ ಇಳಿದುದು ಕಂಡುಬಂದಿತು.

ಆದುದರಿಂದ ಅಳೆಯುವುದಕ್ಕೂ ಒಂದು ವಿಧಿಯುಂಟು. ಬೆನ್ನಿಗೆ ಆಧಾರವಿಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮೌನವಾಗಿ ಕುಳಿತಿರತಕ್ಕದ್ದು. ತೋಳು ಹೃದಯದ ಮಟ್ಟಕ್ಕಿರಬೇಕು. ಅರ್ಧಗಂಟೆಗೆ ಮೊದಲು ಕಾಫಿ, ತಂಬಾಕು, ವ್ಯಾಯಾಮ ಇವು ಕೂಡವು. ಮೂತ್ರವಿಸರ್ಜನೆಯನ್ನು ಮಾಡಿ ಬರಬೇಕು. ಮೂತ್ರವನ್ನು ತಡೆದಿದ್ದರೆ ಅದರಿಂದಲೇ ಅಂಕವು ಏರುವುದು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವನ್ನೋದಿದವರಿಗೆ ಇಲ್ಲಿ ಸಂತೋಷವಾಗುವುದು. ಮೂತ್ರಾದಿ ದೇಹವೇಗಗಳನ್ನು ತಡೆಯಲಾಗದೆಂದೂ ಲೋಭ ಶೋಕ ಭಯ ಕ್ರೋಧಗಳೆಂಬ ಮನೋವೇಗಗಳನ್ನು ತಡೆಯಬೇಕೆಂದೂ ಅಲ್ಲಿ ವಿಧಿಸಿದೆ. ನಮ್ಮವರು ಬಹುಶಃ ಇದನ್ನು ತಿರುವಿಟ್ಟು ಆಚರಿಸುತ್ತಿರುವರು: ಸಭೆಯಲ್ಲಿ ಮೂತ್ರವನ್ನು ತಡೆಯುವರು, ಕೋಪವನ್ನು ತಡೆಯರು!

ಮನೆಯಲ್ಲಿ ಅಳೆಯುವವರು ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದೊಂದು ನಿಮಿಷದ ಅಂತರದಲ್ಲಿ, ಏಳು ದಿನ ಅಳೆದು ಬರೆದಿಡುವುದು. ಮೊದಲನೆಯ ದಿನದ ಅಂಕಗಳನ್ನು ಬಿಟ್ಟು ಉಳಿದವುಗಳ ಸರಾಸರಿಯನ್ನು ತೆಗೆಯಬೇಕು. ಅದು 135ಕ್ಕೆ 85ನ್ನು ಮುಟ್ಟಿದರೆ ಅಥವಾ ಮೀರಿದರೆ ಚಿಂತೆಯ ಮೇಲೆ ಹೊರಿಸಿ ಸುಮ್ಮನಿರಲಾಗದು, ವೈದ್ಯರಿಗೆ ತೋರಿಸತಕ್ಕದ್ದು. ತಲೆನೋವು, ಬೆವರು, ಎದೆಬಡಿತಗಳು ಕೂಡಿ ಪದೇ ಪದೇ ಬಂದುಹೋಗುತ್ತಿದ್ದರೆ ಗ್ರಂಥಿಗಳ ದೋಷವಿರಬಹುದಾದುದರಿಂದ ಅದನ್ನೂ ಪರೀಕ್ಷಿಸಬೇಕಾಗುವುದು.

ಚಿಂತೆಯಿಂದ ಒತ್ತಡವೇರಿದ ಹೊತ್ತಿನಲ್ಲಿ ಮಾಡತಕ್ಕದ್ದೇನು? ಮೊದಲು, ಯಂತ್ರವನ್ನು ಪಕ್ಕಕ್ಕಿಟ್ಟು ಕುಳಿತುಕೊಳ್ಳುವುದು. ಬಳಿಕ ಉಸಿರನ್ನು ನಿಧಾನಗೊಳಿಸುವುದು. ಕುತ್ತಿಗೆಯ ದೊಡ್ಡ ನಾಳಗಳಲ್ಲಿಯೂ ಹೃದಯದ ಮೇಲಣ ಮಹಾನಾಳದಲ್ಲಿಯೂ ಒತ್ತಡವನ್ನರಿಯುವ ಸೂಕ್ಷ್ಮ ನರಾಗ್ರಗಳಿರುವುವು. ಒತ್ತಡವು ಏರಿದರೆ ಅವು ಮೆದುಳಿಗೆ ತಿಳಿಸಿ ಹೃದಯವನ್ನು ತಗ್ಗಿಸುವುವು. ನಿಧಾನವಾದ ಉಸಿರಿನಿಂದ ಇವುಗಳ ಕಾರ್ಯವು ಚುರುಕಾಗುವುದು. 2001ರಲ್ಲಿ ಬೆರ್ನಾರ್ದಿ ಎಂಬ ಇಟಲಿಯ ವೈದ್ಯರೂ ಅವರ ಸಂಗಡಿಗರೂ 23 ಜನ ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವೊಂದನ್ನೂ ಹೇಳಿಸಿ ನೋಡಿದರು. ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದು, ಈ ನರಾಗ್ರಗಳ ಪ್ರತಿಕ್ರಿಯೆಯು ಹೆಚ್ಚಿತು. ಅಲ್ಲಿ ಷಡಕ್ಷರಿಯನ್ನು ಪರೀಕ್ಷಿಸಲಿಲ್ಲ. ಆದಕಾರಣ ನಮ್ಮ ಮಂತ್ರವೇ ಸಿದ್ಧವಾಯಿತೆಂದು ಜಂಬ ಕೊಚ್ಚುವುದು ಸಲ್ಲದು. ಆದರೂ ಕರಸ್ಥಲದಲ್ಲಿ ದೃಷ್ಟಿಯನ್ನಿಟ್ಟು ಷಡಕ್ಷರಿಯನ್ನು ನಿಧಾನವಾಗಿ ಜಪಿಸುವವನ ಉಸಿರೂ ಹಾಗೆಯೇ ನಿಧಾನವಾಗುವುದೆಂದು ಊಹಿಸಲು ಅಡ್ಡಿಯಿಲ್ಲ. ಗಡಿಬಿಡಿಯಿಂದ ಮುಗಿಸುವ ಪೂಜೆಗೆ ಆ ಫಲವನ್ನು ಹೇಳಬರುವುದಿಲ್ಲ. ಒತ್ತಡವುಳ್ಳವರು ಭಸ್ತ್ರಿಕೆಯನ್ನೂ ದೀರ್ಘಕುಂಭಕವನ್ನೂ ಮಾಡಕೂಡದು.

ಔಷಧದ ವಿಷಯವಾಗಿ ಎರಡು ಮಾತು. ಸರ್ಪಗಂಧಿಯು ನಮ್ಮ ನಾಡಿನ ಬೇರು. ಮುಂಬಯಿಯ ಡಾಕ್ಟರ್ ರುಸ್ತಮ್ ಜಾಲ್ ವಕೀಲರು 1949ರಲ್ಲಿ ಅದರ ಗುಣವನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರ ಸಾರವಾದ ರೆಸರ್ಪಿನ್ ಬೇರ್ಪಟ್ಟಿತು. ಅದು ಒತ್ತಡವನ್ನಿಳಿಸುವುದು ದಿಟ. ಆದರೆ ಪ್ರಮಾಣವು ಮೀರಿದರೆ ಮನಸ್ಸನ್ನು ಕುಗ್ಗಿಸಿ ವಿಷಾದಕ್ಕೀಡುಮಾಡಬಹುದು. ಚಿಂತಾಗ್ರಸ್ತನು ಅದನ್ನು ಪಸಾರಿಯ ಅಂಗಡಿಯಿಂದ ತಂದು ತಾನೇ ಕುಡಿಯುವುದು ಅಪಾಯಕರವು. ಯಷ್ಟಿಮಧುವಿನ ಸಂಗತಿಯು ಇನ್ನೂ ಅಪರಿಚಿತವಾದುದು. ಪುರಾಣ ಹೇಳುವ ಶಾಸ್ತ್ರಿಗಳೂ ಗವಾಯಿಗಳೂ ಗಂಟಲಿಗೆಂದು ಅದನ್ನು ದಿನವೂ ಅಗಿಯುವರು. ಬಹುಕಾಲ ಹಾಗೆ ಮಾಡಿದರೆ ದೇಹದಲ್ಲಿ ಉಪ್ಪು ನಿಂತು ಒತ್ತಡವು ಏರುವುದು. ಮೈಕೈ ನೋವಿಗೆ ತಿನ್ನುವ ಹಲವು ಗುಳಿಗೆಗಳೂ ಹೀಗೆಯೇ. ಉಪ್ಪು ದಿನಕ್ಕೆ 5 ಗ್ರಾಮಿಗೆ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಪಂಕ್ತಿಯಲ್ಲಿ ಈ ಲೆಕ್ಕವು ಉಳಿಯುವುದು ಕಷ್ಟ.

ಅಂಕವು 180ಕ್ಕೆ 120ನ್ನು ಮೀರಿ, ಎದೆನೋವು, ಉಬ್ಬಸ, ಕೈಕಾಲಿನ ಬಲಹೀನತೆ, ಮಾತಿನ ತೊದಲು, ದೃಷ್ಟಿಯ ಮಂಕು, ಇವುಗಳಲ್ಲೊಂದಾದರೂ ಕಂಡರೆ ಚಿಂತೆಯೋ ರೋಗವೋ ಎಂಬ ಚರ್ಚೆಗೆ ಅವಕಾಶವಿಲ್ಲ. ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ವಾಹನವನ್ನು ಕರೆಯುವ ಸಂಖ್ಯೆಯು ನಮ್ಮ ರಾಜ್ಯದಲ್ಲಿ 108. ಜಪಮಣಿಗಳ ಸಂಖ್ಯೆಯೇ ಆದುದರಿಂದ ಭಕ್ತರು ಮರೆಯುವಂತಿಲ್ಲ. ಈ ಚಿಹ್ನೆಗಳಾವುವೂ ಇಲ್ಲದಿದ್ದರೆ ಕೆಲವು ನಿಮಿಷ ವಿಶ್ರಮಿಸಿ ಮತ್ತೆ ಅಳೆದು, ಹಾಗೆಯೇ ಇದ್ದಲ್ಲಿ ಅಂದೇ ವೈದ್ಯರನ್ನು ಕೇಳುವುದು. ತಾನಾಗಿ ಎರಡು ಗುಳಿಗೆಗಳನ್ನು ನುಂಗಬಾರದು. ಗುಳಿಗೆಯನ್ನೊಡೆದು ನಾಲಿಗೆಯ ಕೆಳಗೆ ಹಿಂಡಿ ಒತ್ತಡವನ್ನು ಥಟ್ಟನೆ ಇಳಿಸುವ ಪದ್ಧತಿಯು ಹಿಂದೆ ಇದ್ದಿತು. ಹಠಾತ್ತಾಗಿ ಇಳಿದರೆ ಮೆದುಳಿಗೂ ಹೃದಯಕ್ಕೂ ರಕ್ತವು ಸಾಲದೆ ಅನರ್ಥವಾದುದರಿಂದ ಅದನ್ನು ವೈದ್ಯರು ಕೈಬಿಟ್ಟಿರುವರು.

ಮೇಲೆ ಹೇಳಿದ ಉಪಾಧ್ಯಾಯರು ವೈದ್ಯರ ಮಾತಿನಂತೆ ಏಳು ದಿನ ವಿಧಿವತ್ತಾಗಿ ಅಳೆದಾಗ ಸರಾಸರಿಯು 128ಕ್ಕೆ 80 ಬಂದಿತು. ಈಗ ಗುಳಿಗೆಯು ಬೇಡವೆಂದೂ, ಇಂತಹವರಿಗೆ ಮುಂದೆ ರೋಗವು ನೆಲೆಯೂರುವ ಸಂಭವವು ಹೆಚ್ಚಾದುದರಿಂದ ಆರು ತಿಂಗಳಿಗೊಮ್ಮೆ ಬರಬೇಕೆಂದೂ ವೈದ್ಯರು ಹೇಳಿರುವರು. ಯಂತ್ರವು ಮಗನ ಪೆಟ್ಟಿಗೆಯಲ್ಲಿ ಬೀಗದೊಳಗಿದೆ. ಹೊಲದ ವ್ಯಾಜ್ಯವು ಇನ್ನೂ ತೀರ್ಮಾನವಾಗಿಲ್ಲ.