ಮೇಲ್ ಸರ್ವರ್ ‘ಸ್ಟಾರ್ಟಿಂಗ್’ನಲ್ಲೇ ನಿಂತ್ರೆ ಏನ್ಮಾಡ್ಬೇಕು?

2020ರ ಮೇ 20ರಂದು ಅಂಫಾನ್ ಚಂಡಮಾರುತ ಕೋಲ್ಕತ್ತಾಕ್ಕೆ ಅಪ್ಪಳಿಸಿದಾಗ ನಾನು ಅಲ್ಲೇ ಇದ್ದೆ. ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನ ಒಂದು ಸಣ್ಣ ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್. ಮರಗಳು ಉರುಳಿ ನಗರದ ಎಷ್ಟೋ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಯುಪಿಎಸ್ ಎಷ್ಟು ಹೊತ್ತು ತಡೆದೀತು? ನಮ್ಮ ಸರ್ವರ್‌ಗಳೆಲ್ಲ ಆಫ್ ಆದವು.

ಕರೆಂಟ್ ಬಂದ ದಿನ ಹೋಗಿ ನೋಡ್ತೀನಿ, ಮಷೀನ್‌ಗಳೆಲ್ಲ ಆನ್ ಆಗಿವೆ, ಮೇಲ್ ಮಾತ್ರ ಇಲ್ಲ. ನಮ್ಮದು ಎಕ್ಸ್‌ಚೇಂಜ್. ಸರ್ವಿಸಸ್ ತೆರೆದರೆ ಒಂದಾದ ಮೇಲೊಂದರ ಮುಂದೆ ‘ಸ್ಟಾರ್ಟಿಂಗ್’. ಹತ್ತು ನಿಮಿಷ ಆದ್ರೂ ಅದೇ. ರೀಬೂಟ್ ಮಾಡಿದ್ರೂ ಅದೇ. ಲಾಕ್‌ಡೌನ್ ಬೇರೆ, ಎಲ್ಲರೂ ಮನೆಯಿಂದ ಕೆಲಸ, ತಿಂಗಳ ಕೊನೆ, ಸಂಬಳದ ಪಟ್ಟಿ ಮೇಲ್‌ನಲ್ಲೇ ಹೋಗಬೇಕು.

ಜೊತೆಗಿದ್ದ ಸೀನಿಯರ್ ದಾದಾ, “ಡೇಟಾಬೇಸ್ ಕೆಟ್ಟಿರಬೇಕು, ರಿಪೇರ್ ಓಡಿಸೋಣ” ಅಂದ್ರು. ನಾನು ಇಎಸ್‌ಇಯುಟಿಲ್ ಕಮಾಂಡ್ ಟೈಪ್ ಮಾಡಿ, ಎಂಟರ್ ಒತ್ತೋ ಮುಂಚೆ ಕೈ ತೆಗೆದೆ. ಆ ರಿಪೇರ್ ಓದಲಾಗದ ಪುಟಗಳನ್ನ ಕಿತ್ತು ಬಿಸಾಡುತ್ತೆ. ಅಲ್ಲಿದ್ದ ಮೇಲ್ ಆಮೇಲೆ ಸಿಗಲ್ಲ. ಡೇಟಾಬೇಸ್ ಕೆಟ್ಟಿದೆ ಅನ್ನೋದಕ್ಕೆ ನಮ್ಮ ಹತ್ತಿರ ಒಂದು ಸಾಕ್ಷಿಯೂ ಇರಲಿಲ್ಲ.

ಇವತ್ತಿನ ಮುಖ್ಯ ಮಾತು ಇದೇ: ‘ಸ್ಟಾರ್ಟಿಂಗ್’ನಲ್ಲಿ ನಿಂತ ಸರ್ವಿಸ್ ಬಹಳ ಸಲ ಕೆಟ್ಟಿರಲ್ಲ, ಯಾರನ್ನೋ ಕಾಯ್ತಿರುತ್ತೆ. ಯಾರನ್ನ ಅಂತ ಮೊದಲು ಕೇಳಿ.

ಎಕ್ಸ್‌ಚೇಂಜ್ ತನ್ನ ಸಂರಚನೆಯ ಬಹುಪಾಲನ್ನು ಆಕ್ಟಿವ್ ಡೈರೆಕ್ಟರಿಯಲ್ಲಿ ಇಡುತ್ತೆ. ಅಂದರೆ ಡೊಮೇನ್ ಕಂಟ್ರೋಲರ್ ಸಿಗದೆ ಅದು ಏಳೋದೇ ಇಲ್ಲ. ಇವೆಂಟ್ ವ್ಯೂವರ್‌ನಲ್ಲಿ 2114 ಕಂಡಿತು, ಟೋಪಾಲಜಿ ಡಿಸ್ಕವರಿ ವಿಫಲ. ಸರಿ, ಡಿಎನ್‌ಎಸ್ ನೋಡಿದೆ: ಕಂಟ್ರೋಲರ್ ಹೆಸರು ಸಿಕ್ತು. ಪಿಂಗ್ ಕೂಡ ಹೋಯ್ತು. ಮತ್ತೇನು?

ಕಂಟ್ರೋಲರ್‌ಗೆ ಲಾಗಿನ್ ಆದಾಗ ಕೆಳಗಿನ ಮೂಲೆಯಲ್ಲಿದ್ದ ತಾರೀಖು ಕಣ್ಣಿಗೆ ಬಿತ್ತು. ಎಷ್ಟೋ ವರ್ಷ ಹಿಂದಿನದು! ಹಳೇ ಮಷೀನು, ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತಿತ್ತು. ಕರೆಂಟ್ ಇರೋವರೆಗೆ ಅದು ಗೊತ್ತೇ ಆಗಿರಲಿಲ್ಲ. ಕೆರ್ಬರಾಸ್ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಸಹಿಸಲ್ಲ. ಗಡಿಯಾರ ಹೊಂದದಿದ್ರೆ ಗುರುತು ಒಪ್ಪಲ್ಲ. ಟೈಮ್ ಸರಿ ಮಾಡಿ, ಮೊದಲು ಆಕ್ಟಿವ್ ಡೈರೆಕ್ಟರಿ ಟೋಪಾಲಜಿ ಸರ್ವಿಸ್, ಆಮೇಲೆ ಉಳಿದದ್ದು ಸ್ಟಾರ್ಟ್ ಮಾಡಿದೆ. ಮೇಲ್ ಬಂತು. ಸಂಬಳದ ಪಟ್ಟಿ ಅದೇ ಸಂಜೆ ಹೋಯ್ತು.

ನೀವು ಹೀಗೆ ನೋಡ್ಕೊಳ್ಳಿ. ಮೊದಲು ಲಾಗ್. ಆಮೇಲೆ ಡಿಎನ್‌ಎಸ್: ಮೇಲ್ ಸರ್ವರ್‌ನ ನೆಟ್‌ವರ್ಕ್ ಕಾರ್ಡ್‌ನಲ್ಲಿ ಒಳಗಿನ ಡಿಎನ್‌ಎಸ್ ಮಾತ್ರ ಇರಲಿ. ಎರಡನೇದಾಗಿ 8.8.8.8 ಹಾಕಿದ್ರೆ ಅದಕ್ಕೆ ನಿಮ್ಮ ಒಳಗಿನ ಡೊಮೇನ್ ಗೊತ್ತಿರಲ್ಲ. ಮೂರನೇದು ಎರಡೂ ಕಡೆಯ ಗಡಿಯಾರ. ಕರೆಂಟ್ ಹೋಗಿ ಬಂದಾಗ ಡೊಮೇನ್ ಕಂಟ್ರೋಲರ್ ಮೊದಲು ಆನ್ ಆಗಲಿ, ಅದು ಪೂರ್ತಿ ಎದ್ದ ಮೇಲೆ ಮೇಲ್.

ಲಿನಕ್ಸ್‌ನವರಿಗೂ ಇದೇ ಕಥೆ. ಸೆಂಡ್‌ಮೇಲ್‌ಗೆ ತನ್ನ ಪೂರ್ತಿ ಹೋಸ್ಟ್‌ನೇಮ್ ಸಿಗದಿದ್ರೆ ಬೂಟ್‌ನಲ್ಲಿ ಒಂದು ನಿಮಿಷ ಸುಮ್ಮನೆ ಕೂತಿರುತ್ತೆ. ಹೋಸ್ಟ್ಸ್ ಫೈಲ್‌ನಲ್ಲಿ ಡೊಮೇನ್ ಸಮೇತ ಹೆಸರು ಬರೆದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ.

ನಿಮ್ಮ ಸರ್ವರ್ ರೂಮಲ್ಲಿ ಹಳೇ ಮಷೀನ್ ಇದ್ರೆ, ಮುಂದಿನ ಮಳೆಗಾಲಕ್ಕೆ ಮುಂಚೆ ಆ ಬಟನ್ ಸೆಲ್ ಬದಲಾಯಿಸಿಬಿಡಿ.