ನೀಲಗಿರಿಯ ಹುಲ್ಲಿನ ಹಕ್ಕಿ



ನಾನು ವಿದ್ವಾಂಸನಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿ ಅಂಗಡಿಯಲ್ಲಿ ಕುಳಿತವನು. ಶಾಸ್ತ್ರ ಪುರಾಣ ಹೇಳಲು ಇಲ್ಲಿ ತಿಳಿದವರಿದ್ದಾರೆ. ಸಮಿತಿಯವರು ನಾಲ್ಕು ಮಾತನಾಡಿ ಎಂದಾಗ, ದೇವರ ಸೃಷ್ಟಿಯಲ್ಲಿ ಒಂದು ಸಣ್ಣ ಜೀವದ ವಿಚಾರ ಹೇಳೋಣವೆಂದುಕೊಂಡೆ.

ನೆಗಡಿಯಾದರೆ ನಾವು ಮೂಸುವ ಎಣ್ಣೆಗೆ ನೀಲಗಿರಿ ಎಣ್ಣೆ ಎನ್ನುತ್ತೇವೆ. ಆ ಮರಕ್ಕೂ ನೀಲಗಿರಿ ಮರವೆಂದೇ ಹೆಸರು. ಆದರೆ ಅದು ನೀಲಗಿರಿಯದಲ್ಲ. 1840ರ ದಶಕದಲ್ಲಿ ಬ್ರಿಟಿಷರು ಆಸ್ಟ್ರೇಲಿಯಾದ ಈ ಮರವನ್ನು ತಂದು ಅಲ್ಲಿ ನೆಟ್ಟರು. ನಿಜವಾಗಿ ಆ ಬೆಟ್ಟದ್ದೇ ಆದ ಹಕ್ಕಿಯೊಂದಿದೆ. ಅದರ ಹೆಸರು ನೀಲಗಿರಿ ಪಿಪಿಟ್. ಎಣ್ಣೆಯನ್ನು ಬಲ್ಲ ನಮಗೆ ಹಕ್ಕಿಯ ಪರಿಚಯವಿಲ್ಲ.

ನಮ್ಮ ಹೊಲದ ಬದುಗಳಲ್ಲಿ ಕಂದು ಬಣ್ಣದ ಪುಟ್ಟ ಹಕ್ಕಿ ಬಾಲ ಕುಣಿಸುತ್ತಾ ಓಡಾಡುವುದನ್ನು ನೋಡಿದ್ದೀರಿ. ಇದು ಅದರ ಬೆಟ್ಟದ ಬಂಧು. ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಮೈಮೇಲೆ ಕಪ್ಪು ಗೀರುಗಳು. ನೀಲಗಿರಿ, ಆನೈಮಲೈ, ಪಳನಿ ಬೆಟ್ಟಗಳು, ಅವುಗಳಿಗೆ ಸೇರಿದ ಕೇರಳದ ಎತ್ತರದ ಮಲೆಗಳು, ಇಷ್ಟು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದು ಇಲ್ಲ. ಅಲ್ಲಿಯೂ ಹೆಚ್ಚಾಗಿ 6500 ಅಡಿಗಿಂತ ಮೇಲಿನ ಹುಲ್ಲುಗಾವಲಿನಲ್ಲೇ ವಾಸ. ನೆಲದ ಮೇಲೆ ನಡೆದು ಹುಳು, ಕಾಳು ಹೆಕ್ಕುತ್ತದೆ. ಹುಲ್ಲಿನ ಬುಡದಲ್ಲಿ ನೆಲದ ಮೇಲೆಯೇ ಗೂಡು ಕಟ್ಟಿ ಎರಡು ಮೂರು ಮೊಟ್ಟೆ ಇಡುತ್ತದೆ. ಹುಲ್ಲೇ ಅದಕ್ಕೆ ಮನೆ, ಹುಲ್ಲೇ ಉಗ್ರಾಣ.

ಆ ಮಲೆಗಳಲ್ಲಿ ಹಳ್ಳಕೊಳ್ಳಗಳಲ್ಲಿ ಶೋಲಾ ಎಂಬ ಕಾಡು, ಏರು ದಿಬ್ಬಗಳಲ್ಲಿ ಹುಲ್ಲು. ಇದು ಬಹು ಪುರಾತನ ಏರ್ಪಾಡು. ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಭೂಮಿ ಅದು. ನಾವು ಕೂಡುದುರೈಯಲ್ಲಿ ಮುಳುಗಿ ಸ್ನಾನ ಮಾಡುವ ಭವಾನಿ ನದಿಗೆ ಅಲ್ಲಿಂದಲೇ ನೀರು ಬರುತ್ತದೆ. ನೀಲಗಿರಿಯ ತೋಡರು ತಮ್ಮ ದೇವಾಲಯಗಳಿಗೆ ಆ ಬೆಟ್ಟದ ಜೌಗಿನಲ್ಲಿ ಬೆಳೆಯುವ ಹುಲ್ಲನ್ನೇ ಹೊದಿಸುತ್ತಾರೆ. ನಮಗೆ ಗೋಪುರ ಹೇಗೋ ಅವರಿಗೆ ಆ ಹುಲ್ಲು ಹಾಗೆ.

ಆದರೆ ಹೊರಗಿನಿಂದ ಬಂದವರಿಗೆ ಅದು ಬೋಳು ಬೆಟ್ಟವಾಗಿ ಕಂಡಿತು. ಸೌದೆಗೆಂದು ನೀಲಗಿರಿ ಮರ, ಚರ್ಮ ಹದ ಮಾಡಲು ತೊಗಟೆಗೆಂದು ವಾಟಲ್ ಮರ ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೂ ನೆಡುವುದು ನಡೆದೇ ಇತ್ತು. ಈಗ ವಾಟಲ್ ಯಾರೂ ನೆಡದೆ ತಾನಾಗಿಯೇ ಹಬ್ಬುತ್ತಿದೆ. ನೆಡುತೋಪು ಮತ್ತು ಬೇಸಾಯದಿಂದಾಗಿ ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಮೂರರಲ್ಲಿ ಎರಡು ಪಾಲು ಹುಲ್ಲುಗಾವಲು ಹೋಯಿತೆಂದು 2018ರಲ್ಲಿ ಸಂಶೋಧಕರು ಲೆಕ್ಕ ಕೊಟ್ಟರು. ಮರದ ನೆರಳು ಬಿದ್ದಲ್ಲಿ ಹುಲ್ಲು ಸಾಯುತ್ತದೆ. ಹುಲ್ಲು ಸತ್ತಲ್ಲಿ ಈ ಹಕ್ಕಿ ನಿಲ್ಲುವುದಿಲ್ಲ. ಕೆಳಗೆ ಸೆಕೆ ಹೆಚ್ಚಾದರೆ ಮೇಲಕ್ಕೆ ಹೋಗೋಣವೆಂದರೆ, ಅದು ಇರುವುದೇ ಶಿಖರದಲ್ಲಿ. ದೊಡ್ಡಬೆಟ್ಟವೇ 8650 ಅಡಿ. ಅದರಾಚೆ ಆಕಾಶ ಮಾತ್ರ.

ಮುಕುರ್ತಿ ರಾಷ್ಟ್ರೀಯ ಉದ್ಯಾನದಲ್ಲಿ ವರೆಯಾಡಿಗೆ, ಅಂದರೆ ಬೆಟ್ಟದ ಕಾಡುಮೇಕೆಗೆ, ರಕ್ಷಣೆ ಇದೆ. ಅದೇ ಹುಲ್ಲಿನಲ್ಲಿ ಈ ಹಕ್ಕಿಯೂ ಬದುಕುತ್ತದೆ. ಪರದೇಶದ ಗಿಡಮರ ತೆಗೆದು ಹುಲ್ಲನ್ನು ಮತ್ತೆ ತರುವ ಕೆಲಸವೂ ನಡೆದಿದೆ. ಇದು ಒಳ್ಳೆಯದು.

ಮಹನೀಯರೇ, ಗಿಡ ನೆಡುವುದು ಪುಣ್ಯವೆಂದು ನಾವೆಲ್ಲ ನಂಬಿದ್ದೇವೆ. ನಾನೂ ನಂಬಿದ್ದೇನೆ. ಕೆರೆಯ ಏರಿಯ ಮೇಲೆ ಹೊಂಗೆ ನೆಡಿ, ರಸ್ತೆ ಬದಿಗೆ ಬೇವು, ಹುಣಸೆ ನೆಡಿ. ಆದರೆ ಹುಲ್ಲಿರುವ ಬೆಟ್ಟವನ್ನು ಕಂಡು ಇದು ಖಾಲಿ ಜಾಗ ಎನ್ನಬೇಡಿ. ಅಲ್ಲಿ ಹುಲ್ಲಿನ ಬುಡದಲ್ಲಿ ಒಂದು ಗೂಡಿರಬಹುದು. ದಾನ ಮಾಡುವವನು ಪಾತ್ರ ನೋಡಿ ಮಾಡಬೇಕೆಂದು ಹಿರಿಯರು ಹೇಳುತ್ತಾರೆ. ಗಿಡ ನೆಡುವವನು ನೆಲ ನೋಡಿ ನೆಡಬೇಕು.