ಪರದೆಯಿಂದ ಪ್ರಯೋಗಾಲಯಕ್ಕೆ



ಬೆಂಗಳೂರಿನ ಮೇಖ್ರಿ ವೃತ್ತದ ಬಳಿ ರಾಮನ್ ಸಂಶೋಧನಾ ಸಂಸ್ಥೆ ಇದೆ. ಸರ್ ಸಿ.ವಿ. ರಾಮನ್ 1948ರಲ್ಲಿ ಅದನ್ನು ಕಟ್ಟಿ, 1970ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ದುಡಿದರು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವ ನಮ್ಮವರಿಗೆ ಕಾಂಪೌಂಡಿನೊಳಗೆ ಏನು ನಡೆಯುತ್ತದೆಂದು ತಿಳಿಯದು. ತಿಳಿಸಲು ಸಿನಿಮಾ ಒಳ್ಳೆಯ ದಾರಿ.

ಬೋಸ್, ರಾಮನ್, ಸಹಾ ಕುರಿತು ರಾಜಾ ಚೌಧರಿ ನಿರ್ದೇಶಿಸಿದ ‘ದಿ ಕ್ವಾಂಟಮ್ ಇಂಡಿಯನ್ಸ್’ಗೆ 2013ರ ಶ್ರೇಷ್ಠ ಶೈಕ್ಷಣಿಕ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿದೆ. ಬೆಳಕು ದ್ರವದೊಳಗೆ ಹಾಯುವಾಗ ಅದರ ಅತ್ಯಲ್ಪ ಭಾಗ ಬಣ್ಣ ಬದಲಿಸುತ್ತದೆ. ಇದೇ ರಾಮನ್ ಪರಿಣಾಮ. ಕರಿಹಲಗೆಯಿಂದ ಇದನ್ನು ಬರೆದುಕೊಂಡ ಮಗು ಪರೀಕ್ಷೆ ಮುಗಿದ ಮೇಲೆ ಮರೆಯುತ್ತದೆ. ಪರದೆಯ ಮೇಲೆ ಕಂಡ ಮಗು ಪ್ರಶ್ನೆ ಕೇಳುತ್ತದೆ.

ಆದರೆ ಮಕ್ಕಳಿಗಷ್ಟೇ ತೋರಿಸಿದರೆ ಸಾಲದು. ಪಿಯುಸಿ ಬಳಿಕ ಭೌತಶಾಸ್ತ್ರ ಬೇಡವೆಂದು ಎಷ್ಟೋ ಸಲ ತೀರ್ಮಾನಿಸುವವರು ಮನೆಯ ಹಿರಿಯರು. ‘ಬಿಎಸ್ಸಿ ಓದಿದರೆ ಹೊಟ್ಟೆ ತುಂಬುತ್ತದೆಯೇ?’ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಇಂಥ ಸಂಸ್ಥೆಗೆ ಪಿಎಚ್.ಡಿ.ಗೆ ಆಯ್ಕೆಯಾದವರಿಗೆ ತಿಂಗಳು ತಿಂಗಳೂ ಫೆಲೋಶಿಪ್ ಸಿಗುತ್ತದೆ. ಅಲ್ಲಿಯವರೆಗಿನ ಬಿಎಸ್ಸಿ, ಎಂಎಸ್ಸಿ ವರ್ಷಗಳನ್ನು ದಾಟಿಸುವುದೇ ಕಷ್ಟ. ದಾನಿಗಳೇ, ನಿಮ್ಮ ವಿದ್ಯಾರ್ಥಿವೇತನ ಬೇಕಾಗಿರುವುದು ಅಲ್ಲಿ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅಂದು ಅರಕಲಗೂಡಿನಲ್ಲೊಂದು ಪರದೆ ಕಟ್ಟೋಣ. ಮಕ್ಕಳ ಜೊತೆ ತಾಯಂದಿರೂ ತಂದೆಯರೂ ಬನ್ನಿ.